ಕೌದಳ್ಳಿಯಿಂದ ಬಂದ ಅವರೆಕಾಯಿ ಮೂಟೆ

ಆ ದಿನವೂ ಬೆಳಿಗ್ಗೆ ಐದೂಮುಕ್ಕಾಲಿಗೆ ಕೆಳಗಿಳಿದು ಮೋಟಾರು ಹಾಕಿದೆ. ನಮ್ಮ ಕಟ್ಟಡದ ನೀರಿನ ಮೋಟಾರಿಗೆ ಒಂದು ಚಾಳಿಯಿತ್ತು. ಸ್ವಿಚ್ ಒತ್ತಿದರೆ ಸಾಲದು, ಪೆಟ್ಟಿಗೆಯ ಎಡಮಗ್ಗುಲಿಗೆ ಅಂಗೈಯಿಂದ ಒಂದೇಟು ತಟ್ಟಬೇಕು. ತಟ್ಟಿದೆ. ಕೆಮ್ಮಿಕೊಂಡು ಎದ್ದಿತು. ವಾಚ್‌ಮನ್ ನಂಜಯ್ಯ ಅಂಗಳ ಗುಡಿಸಿ ಕಸವನ್ನು ಗೇಟಿನ ಪಕ್ಕ ಗುಡ್ಡೆ ಮಾಡಿದ್ದ. ಹತ್ತನೇ ನಂಬರಿನವರ ಹಾಲಿನ ಪ್ಯಾಕೆಟ್ ಎಂದಿನಂತೆ ತೂತಾಗಿ, ಮೆಟ್ಟಿಲ ಮೇಲೆ ಬಿಳಿ ಗೆರೆ ಎಳೆದುಕೊಂಡು ಹೋಗಿತ್ತು. ನಾನು ಮೇಲೆ ಬಂದು ಕಾಫಿ ಸೋಸಿ, ರೊಟ್ಟಿ ತಟ್ಟಿ, ಯಜಮಾನರನ್ನು ಕಾಲೇಜಿಗೆ ಕಳಿಸಿ, ಒಗೆದ ಬಟ್ಟೆ ತಂದು ಬಾಲ್ಕನಿಯಲ್ಲಿ ಹರವುತ್ತಿದ್ದೆ. ಹತ್ತು ಗಂಟೆ ಇರಬಹುದು. ಕೆಳಗೆ ಗೇಟಿನಲ್ಲಿ ಹೆಗಲ ಮೇಲೆ ಮೂಟೆ ಹೊತ್ತ ಒಬ್ಬ ಮನುಷ್ಯ ನಿಂತಿದ್ದ.

ಅವನು ಅಲ್ಲೇ ಸ್ವಲ್ಪ ನಿಂತಿರಲಿ. ಅವತ್ತು ನಾನು ನಿಲ್ಲಿಸಲಿಲ್ಲ, ಇಲ್ಲಾದರೂ ನಿಲ್ಲಲಿ. ಅಷ್ಟರಲ್ಲಿ ನನ್ನ ಕೆಲಸ ಏನಿತ್ತು ಅಂತ ಹೇಳಿಬಿಡುತ್ತೇನೆ.

ನಾನು ಸಂಬಳಕ್ಕೆ ದುಡಿದವಳಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಗೃಹಿಣಿ. ಆದರೆ ಹದಿನಾರು ವರ್ಷ, ಎರಡು ಸಾವಿರದ ನಾಲ್ಕರವರೆಗೆ, ಹನ್ನೆರಡು ಮನೆಗಳ ಒಂದು ಮೂರಂತಸ್ತಿನ ಕಟ್ಟಡಕ್ಕೆ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿದ್ದೆ. ಅದು ಉದ್ಯೋಗವೇ ಹೌದು. ರಜೆ ಇಲ್ಲದ, ಬಡ್ತಿ ಇಲ್ಲದ, ಬಾಗಿಲಿಗೇ ಬಂದು ಬಯ್ಯುವ ಉದ್ಯೋಗ. ಈಗ ಊರ ತುಂಬ ಇಂಥ ಕಟ್ಟಡಗಳು ಏಳುತ್ತಿವೆ, ಹೊಸದಾಗಿ ಕಾರ್ಯದರ್ಶಿಗಳಾಗುವ ಹೆಣ್ಣುಮಕ್ಕಳು ನನ್ನನ್ನು ಬಂದು ಕೇಳುತ್ತಾರೆ, 'ಆಂಟಿ, ಜನರನ್ನು ಹೇಗೆ ನಿಭಾಯಿಸಿದಿರಿ' ಅಂತ. ನಿಭಾಯಿಸಲಿಲ್ಲ ಕಣಮ್ಮ. ಅದನ್ನೇ ಬರೆಯುತ್ತಿದ್ದೇನೆ.

ನಾವು ಬಂದ ಹೊಸತರಲ್ಲಿ ಆ ಕಟ್ಟಡವನ್ನು ಊರಿನವರು 'ಮಹಡಿ ವಠಾರ' ಎನ್ನುತ್ತಿದ್ದರು. ಒಂದರ ತಲೆಯ ಮೇಲೊಂದು ಮನೆ ಇರುವುದೇ ಅವರಿಗೆ ತಮಾಷೆ. ಒಳಗಿದ್ದವರೂ ಹೊಸಬರೇ. ಹನೂರು, ಯಳಂದೂರು, ಕುಂತೂರು, ಕೌದಳ್ಳಿ ಕಡೆಯಿಂದ ನೌಕರಿಗೆ, ಮಕ್ಕಳ ಓದಿಗೆ ಬಂದವರು. ಊರಿನಲ್ಲಿ ಹಗಲು ಬಾಗಿಲು ಹಾಕಿ ಗೊತ್ತಿಲ್ಲದ ಜನ. ಹಗಲು ಬಾಗಿಲು ಹಾಕಿದರೆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದು ಅಕ್ಕಪಕ್ಕದವರು ಬಂದು ವಿಚಾರಿಸುತ್ತಾರಂತೆ. ಹೀಗಾಗಿ ನಮ್ಮ ಹನ್ನೆರಡು ಬಾಗಿಲುಗಳೂ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ ತೆರೆದುಕೊಂಡೇ ಇರುತ್ತಿದ್ದವು. ಅವಕ್ಕೆ ಪರದೆ ಹಾಕಿಸಲು ನನಗೆ ಎರಡು ವರ್ಷ ಹಿಡಿಯಿತು. ಚಿಲಕ ಹಾಕಿಸುವುದು ಕೊನೆಗೂ ಆಗಲಿಲ್ಲ.

ಮೊದಲ ಪಾಠ ಗ್ಯಾಸಿನವರದು. ಖಾಕಿ ಅಂಗಿ ತೊಟ್ಟ ಇಬ್ಬರು ಒಂದು ಮಧ್ಯಾಹ್ನ ಎರಡನೇ ನಂಬರಿಗೆ ಬಂದು, ಸಿಲಿಂಡರ್ ಸೋರುತ್ತಿದೆ ಎಂದು ದೂರು ಬಂದಿದೆ, ಬದಲಾಯಿಸಿಕೊಡುತ್ತೇವೆ ಎಂದರು. ಆ ಮನೆಯಾಕೆ ದೂರು ಕೊಟ್ಟಿರಲಿಲ್ಲ. ಬಹುಶಃ ಯಜಮಾನರು ಕೊಟ್ಟಿರಬೇಕು ಎಂದುಕೊಂಡರು. ಅಷ್ಟೇ ಅಲ್ಲ, ತುಂಬಿದ ಸಿಲಿಂಡರನ್ನು ಹೊಸ್ತಿಲು ದಾಟಿಸಲು ತಾವೂ ಒಂದು ಕೈ ಹಾಕಿದರು. ಹೋದವರು ತಿರುಗಿ ಬರಲಿಲ್ಲ. ಸಂಜೆ ನಾನು ಕೇಳಿದೆ, "ಅವರ ಗುರುತಿನ ಚೀಟಿ ನೋಡಬಾರದಿತ್ತೇ?" ಆಕೆ ಅಂದದ್ದು, "ಖಾಕಿ ಆಕಿದ್ರಲ್ಲ."

ಆಮೇಲೆ ರಿಜಿಸ್ಟರ್ ಇಟ್ಟೆವು. ನಮ್ಮ ಅಧ್ಯಕ್ಷರು ನಿವೃತ್ತ ಶಿರಸ್ತೇದಾರರು, ತಾಲ್ಲೂಕು ಕಚೇರಿಯನ್ನು ಬಿಟ್ಟು ಬಂದರೂ ಅದು ಅವರನ್ನು ಬಿಟ್ಟಿರಲಿಲ್ಲ. ಯಾವ ತೊಂದರೆಗೂ ಅವರ ಬಳಿ ಒಂದೇ ಮದ್ದು, ಅದು ಕಾಲಂ. ಹೆಸರು, ಊರು, ಯಾರ ಮನೆಗೆ, ಬಂದ ವೇಳೆ, ಉದ್ದೇಶ. ಸ್ಕೇಲು ಹಿಡಿದು ಗೆರೆ ಹಾಕಿದವಳು ನಾನು. ತಿಂಗಳ ಕೊನೆಗೆ ತೆಗೆದು ನೋಡಿದರೆ ಹೆಸರಿನ ಕಾಲಮಿನಲ್ಲಿ 'ಗ್ಯಾಸ್', 'ಪೇಪರ್', 'ನಾನೇ'. ಉದ್ದೇಶದ ಕಾಲಮಿನಲ್ಲಿ ಯಾರೋ ನೆಂಟರು ಪ್ರಾಮಾಣಿಕವಾಗಿ 'ಊಟ' ಎಂದು ಬರೆದಿದ್ದರು.

ಇನ್ನು ನನ್ನದೇ ಎಡವಟ್ಟು. ಹೊಸ ಉತ್ಸಾಹದಲ್ಲಿ ಒಮ್ಮೆ ನಿಜವಾದ ಗ್ಯಾಸಿನವನನ್ನೇ, ಚೀಟಿ ತಂದಿಲ್ಲವೆಂದು, ಗೇಟಿನ ಹೊರಗೆ ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿದೆ. ಅವನು ಸಿಟ್ಟಾಗಿ ಸಿಲಿಂಡರುಗಳನ್ನು ವಾಪಸು ಗಾಡಿಗೆ ಏರಿಸಿಕೊಂಡು ಹೋದ. ಹದಿನೈದು ದಿನ ನಮ್ಮ ಬೀದಿಗೇ ಕಾಲಿಡಲಿಲ್ಲ. ಹನ್ನೆರಡು ಮನೆಯಲ್ಲೂ ಸೀಮೆಎಣ್ಣೆ ಸ್ಟವ್‌ಗಳು ಹೊಗೆಯಾಡಿದವು. ನಾನು ಮೆಟ್ಟಿಲು ಇಳಿಯುವಾಗ ಹೆಂಗಸರು ಬೇಕೆಂದೇ ಕೆಮ್ಮುತ್ತಿದ್ದರು. ಎಂಟನೇ ನಂಬರಿನಾಕೆಯಂತೂ, "ವಿಮಲಕ್ಕ, ಒಗೆ ಒಳಗೆ ಬರೋಕೂ ಚೀಟಿ ತರ್ಬೇಕಾ?" ಎಂದು ಕೇಳಿಯೇಬಿಟ್ಟಳು.

ಮೂರನೆಯದು ನಾಮಫಲಕ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದೆ ಬೇಕಾಗುತ್ತದೆ. ಮಾದಪ್ಪನ ಬೆಟ್ಟದ ಸೀಮೆಯಲ್ಲಿ ಮನೆಗೊಬ್ಬ ಮಹದೇವ ಇರುವುದು ನಿಮಗೆ ಗೊತ್ತು. ನಮ್ಮ ಹನ್ನೆರಡು ಮನೆಯಲ್ಲಿ ನಾಲ್ವರಿದ್ದರು. ಪೋಸ್ಟಿನವರು, ಆಮೇಲೆ ಬಂದ ಕೊರಿಯರಿನವರು, ಒಬ್ಬ ಮಹದೇವನ ಕಾಗದವನ್ನು ಇನ್ನೊಬ್ಬನಿಗೆ ಕೊಟ್ಟು, ಒಂದು ಸಲ ಒಬ್ಬರ ಮಗಳ ಜಾತಕ ಇನ್ನೊಬ್ಬರ ಮನೆಯಲ್ಲಿ ವಾರಗಟ್ಟಲೆ ಕೂತು ದೊಡ್ಡ ರಂಪವಾಯಿತು. ಆಗ ನಾನೇ ಒಂದು ಉಪಾಯ ಮಾಡಿದೆ. ಮೆಟ್ಟಿಲ ಬುಡದಲ್ಲಿ, ಗೇಟಿನಿಂದಲೇ ಓದಲು ಬರುವಂತೆ, ಕಪ್ಪು ಹಲಗೆ ಹಾಕಿಸಿ, ಬಿಳಿ ಬಣ್ಣದಲ್ಲಿ ಮನೆ ನಂಬರು, ಹೆಸರು, ಅದರ ಮುಂದೆ ಮೂಲ ಊರು ಬರೆದೆ. ಮಹದೇವಯ್ಯ, ಹನೂರು. ಮಹದೇವಪ್ಪ, ಯಳಂದೂರು. ಒಂಬತ್ತನೇ ನಂಬರು, ಮಹದೇವಸ್ವಾಮಿ, ಕೌದಳ್ಳಿ. ಸಿಸ್ಟರುಗಳು ಕಲಿಸಿದ ದುಂಡಗಿನ ಅಕ್ಷರ, ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಅಧ್ಯಕ್ಷರು ಮೀಟಿಂಗಿನಲ್ಲಿ ಚಪ್ಪಾಳೆ ಹೊಡೆಸಿದರು. ನನ್ನ ಹದಿನಾರು ವರ್ಷದಲ್ಲಿ ಸಿಕ್ಕಿದ ಚಪ್ಪಾಳೆ ಅದೊಂದೇ.

ಇಷ್ಟೆಲ್ಲ ಆದರೂ ಒಂದು ಬಗೆಯ ಜನರನ್ನು ತಡೆಯುವುದು ಆಗಲೇ ಇಲ್ಲ. ಊರಿಂದ ಏನನ್ನೋ ತಂದವರು. ನಮ್ಮಲ್ಲಿ ಯಾರಿಗೂ ಊರಿನ ಹಂಗು ಹರಿದಿರಲಿಲ್ಲ. ತಾಯಂದಿರು ರಾಗಿ, ಹುಣಸೆಹಣ್ಣು, ಹುರುಳಿ, ಮಾವಿನಕಾಯಿಯನ್ನು ಕೊಳ್ಳೇಗಾಲದ ಕಡೆ ಹೊರಟ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ಬಸ್ಸಿನ ಪಕ್ಕದ ಸೀಟಿನವನ ಕೈಯಲ್ಲಿ, ಕಬ್ಬಿನ ಟ್ರಾಕ್ಟರಿನವನ ಕೈಯಲ್ಲಿ. ತಂದುಕೊಡುವವನ ಮುಖವನ್ನು ಪಡೆಯುವವರು ಕಂಡಿರಲೇಬೇಕೆಂದಿಲ್ಲ. 'ಊರಿಂದ ಕಳಿಸವ್ರೆ' ಎಂಬ ಎರಡು ಮಾತು ಸಾಕು, ಬಾಗಿಲು ಅಗಲವಾಗಿ ತೆರೆಯುತ್ತಿತ್ತು. ಒಳಗೆ ಕೂರಿಸಿ, ನೀರು ಕೊಟ್ಟು, ಕಾಫಿ ಕೊಟ್ಟು, ಕೊನೆಗೆ ಬಹು ಮುಖ್ಯವಾದದ್ದು, ಅವನ ಚೀಲವನ್ನು ಬರಿದಾಗಿ ವಾಪಸು ಕೊಡುತ್ತಿರಲಿಲ್ಲ. ಬರೀ ಚೀಲ ಕೊಟ್ಟರೆ ಕಳಿಸಿದವರಿಗೆ ಅವಮಾನ. ಹೀಗಾಗಿ ಮನೆಯಾಕೆ ಅಡುಗೆಮನೆಗೆ ಹೋಗಿ, ಡಬ್ಬಿಗಳನ್ನು ತಡಕಾಡಿ, ಸಕ್ಕರೆಯೋ ಬೆಲ್ಲವೋ ತೆಂಗಿನಕಾಯಿಯೋ ಹುಡುಕಿ ತುಂಬಿಸುವಷ್ಟು ಹೊತ್ತು ಆ ಅಪರಿಚಿತ ಮನುಷ್ಯ ನಡುಮನೆಯಲ್ಲಿ ಒಬ್ಬನೇ ಕೂತಿರುತ್ತಿದ್ದ.

ಇದನ್ನು ನೋಡಿ ನೋಡಿ ನಾನೇ ಒಂದು ನಿಯಮ ಬರೆದು ಅಂಟಿಸಿದೆ. ಊರಿಂದ ಸಾಮಾನು ತಂದವರು ಗೇಟಿನ ಬಳಿಯೇ ನಿಲ್ಲಬೇಕು. ಮನೆಯವರೇ ಕೆಳಗಿಳಿದು ಬಂದು ಗುರುತು ಹಿಡಿದು ಕರೆದೊಯ್ಯಬೇಕು. ಕೆಳಗೆ 'ಕಾರ್ಯದರ್ಶಿ' ಎಂದು ನನ್ನ ಸಹಿ.

ಈಗ ಗೇಟಿನ ಮನುಷ್ಯನ ಹತ್ತಿರ ಹೋಗೋಣ.

ನಂಜಯ್ಯ ಕಬ್ಬಿಣದ ಗೇಟಿಗೆ ಅಡ್ಡ ನಿಂತಿದ್ದ. "ಮೇಲಿಂದ ಅವ್ರು ಬರ್ಲಿ, ಆಮೇಕೆ ಬುಡ್ತೀನಿ."

"ನಿನ್ ಗೇಟೇನ್ ಅರಮನೆ ಗೇಟಾ? ಬೆನ್ನು ಮುರ್ದೋಯ್ತದೆ ಕಣಯ್ಯ." ಆ ಮನುಷ್ಯ ಕತ್ತೆತ್ತಿ ನನ್ನನ್ನು ಕಂಡ. ಮುಖ ತಕ್ಷಣ ಮೆತ್ತಗಾಯಿತು. "ಅಮ್ಮೋ, ಕೌದಳ್ಳಿಯಿಂದ ಬಂದಿವ್ನಿ. ಮಾದೇವಸಾಮಣ್ಣನ ಮನ್ಗೆ ಅವರವ್ವ ಅವರೆಕಾಯಿ ಕೊಟ್ಕಳಿಸವ್ರೆ. ಈವಪ್ಪ ಬುಡಾಕಿಲ್ಲ ಅಂತಾನೆ, ನೀವಾರ ಏಳಿ."

ಸಂಕ್ರಾಂತಿ ಕಳೆದ ವಾರ. ಅವರೆಯ ಕಾಲ. ಗಾಳಿಯಲ್ಲೇ ಸೊಗಡು ಇತ್ತು. ನಾನು ಮೇಲಿಂದ ಹೇಳಿದೆ, "ಬಿಡಿ ನಂಜಯ್ಯ, ಪಾಪ, ಅಷ್ಟು ಭಾರ ಹೊತ್ತುಕೊಂಡು ಎಷ್ಟು ಹೊತ್ತು ನಿಲ್ಲುತ್ತಾರೆ."

"ಅಮ್ಮೋರೆ, ನೀವೇ ಬರ್ದಂಟ್ಸಿರದು ಇಲ್ಲಿ."

"ಇರಲಿ ಬಿಡಿ. ನಾನೇ ಹೇಳುತ್ತಿದ್ದೇನಲ್ಲ."

ನಂಜಯ್ಯ ಪಕ್ಕಕ್ಕೆ ಸರಿದ. ನಾನು ಅಷ್ಟಕ್ಕೇ ಸುಮ್ಮನಿರಲಿಲ್ಲ. ಮೆಟ್ಟಿಲಿಗೆ ಬಂದೆ. ಅವನ ಒಂದು ಕೈಯಲ್ಲಿ ಬಟ್ಟೆಯ ಚೀಲವೂ ಇತ್ತು, ತಿರುವಿನಲ್ಲಿ ತಡವರಿಸುತ್ತಿದ್ದ. ಆ ಚೀಲವನ್ನು ಇಸಿದುಕೊಂಡು ಒಂದು ಮಹಡಿ ನಾನೇ ಹೊತ್ತೆ. ಹಿಂದಿನಿಂದ ನಡೆಯುತ್ತ ನಾನು ಕಂಡದ್ದನ್ನು ಇವತ್ತಿಗೂ ಹೇಳಬಲ್ಲೆ. ಅವನ ಹಿಮ್ಮಡಿಯಲ್ಲಿ ಒಂದೂ ಬಿರುಕಿರಲಿಲ್ಲ, ಧೂಳಿರಲಿಲ್ಲ. ಕಾಲರು ಆಗಷ್ಟೇ ಇಸ್ತ್ರಿಯಾಗಿತ್ತು. ಮೂಟೆಯ ಒಂದು ಮಗ್ಗುಲು ಒದ್ದೆಯಾಗಿ ಅವನ ಅಂಗಿಗೆ ಇಳಿದಿತ್ತು. ಹೊಲದಿಂದ ಬಂದ ಕಾಯಿಗೆ ಯಾರೂ ನೀರು ಚಿಮುಕಿಸುವುದಿಲ್ಲ. ಬಾಡದಿರಲಿ ಅಂತ ನೀರು ಚಿಮುಕಿಸುವವರು ಮಾರ್ಕೆಟ್ಟಿನ ವ್ಯಾಪಾರಿಗಳು. ನನಗೆ ಇದೆಲ್ಲ ಗೊತ್ತಿತ್ತು. ಎಲ್ಲವನ್ನೂ ಕಂಡೆ. ಕಂಡು, "ಹುಷಾರಪ್ಪ, ಮೇಲಿನ ಮೆಟ್ಟಿಲು ಸ್ವಲ್ಪ ಎತ್ತರ" ಎಂದೆ.

ಒಂಬತ್ತನೇ ನಂಬರಿನ ಗೌರಮ್ಮ ಬಾಗಿಲು ತೆರೆದುಕೊಂಡೇ ಇದ್ದಳು. ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಕೂತಿದ್ದಳು. ಮಹದೇವಸ್ವಾಮಿಯ ಹೆಂಡತಿ, ಗಟ್ಟಿ ಗಂಟಲಿನ, ಕೊಡುವ ಕೈಯ ಹೆಣ್ಣುಮಗಳು. "ಅಯ್ಯೋ, ಅತ್ತೆ ಕಳಿಸವ್ರಾ! ಬಾಪ್ಪ ಬಾ, ಕೂತ್ಕ" ಎಂದಳು. ನಾನು ಬಟ್ಟೆ ಹರವುವುದಕ್ಕೆ ಇಳಿದು ಬಂದೆ.

ಹನ್ನೊಂದಕ್ಕೆ ಮೇಲಿಂದ ಕೂಗು ಕೇಳಿಸಿತು. ನಾನು ಓಡಿ ಹೋಗುವಷ್ಟರಲ್ಲಿ ಗೌರಮ್ಮ ಎಣ್ಣೆ ತಲೆಯಲ್ಲೇ ಬಾಗಿಲಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದಳು. ಎಣ್ಣೆಯಾಗುತ್ತದೆಂದು ಬಿಚ್ಚಿ ಟಿ.ವಿ.ಯ ಮೇಲಿಟ್ಟಿದ್ದ ಎರಡೆಳೆ ಸರ ಇರಲಿಲ್ಲ. ಅವಳ ತಾಯಿ ಸಾಯುವ ಮುಂಚೆ ಕೊರಳಿಂದ ಬಿಚ್ಚಿ ಕೊಟ್ಟಿದ್ದ ಸರ. ಅದು ಆಮೇಲೆಯೂ ಸಿಗಲಿಲ್ಲ. ಮೂಟೆ ನಡುಮನೆಯಲ್ಲೇ ಇತ್ತು. ಸುರಿದು ನೋಡಿದರೆ ಮೇಲರ್ಧ ಅವರೆಕಾಯಿ, ಕೆಳಗರ್ಧ ಒಣ ಹುಲ್ಲು.

"ಅವನ ಕೈಚೀಲ?" ಎಂದು ಕೇಳಿದೆ.

"ತಕಂಡೋದ."

"ಬರಿದಾಗಿಯೇ?"

ಗೌರಮ್ಮ ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಬರೀ ಚೀಲ ಯಾರಾರ ಕೊಟ್ಟಾರಾ ಅಕ್ಕ? ಒಂದ್ ಚಿಪ್ಪು ಬಾಳೆಅಣ್ಣು, ಎರಡಚ್ಚು ಬೆಲ್ಲ, ಒಂದ್ ತೆಂಗಿನಕಾಯಿ ಆಕ್ಕೊಟ್ಟೆ. ಅವ್ನು ಬ್ಯಾಡ ಬ್ಯಾಡ ಅಂತಿದ್ದ, ನಾನೇ ತುರ್ಕಿದೆ."

ಇಂಥವರ ಕಾರ್ಯದರ್ಶಿ ನಾನು. ತಲೆ ಚಚ್ಚಿಕೊಳ್ಳಬೇಕೆನಿಸಿತು. ಆದರೆ ಯಾರ ತಲೆ ಎಂಬುದನ್ನು ಯೋಚಿಸುವ ಧೈರ್ಯ ಬರಲಿಲ್ಲ. ಯಾಕೆಂದರೆ ಮಹದೇವಸ್ವಾಮಿ ಕೌದಳ್ಳಿಯವರೆಂದು ಆ ಕಳ್ಳನಿಗೆ ತಿಳಿಸಿದ ಹಲಗೆ ನನ್ನದು. ಗೇಟು ತೆಗೆಸಿದ ಬಾಯಿ ನನ್ನದು. ಒಂದು ಮಹಡಿ ಚೀಲ ಹೊತ್ತ ಕೈಯೂ ನನ್ನದು.

ಅಧ್ಯಕ್ಷರು ಬಂದರು. ಕೋಟು ಹಾಕಿಕೊಂಡೇ ಬಂದರು, ವಿಚಾರಣೆ ಎಂದರೆ ಅವರಿಗೆ ಕೋಟು ಬೇಕು. ಎಲ್ಲರೂ ಕೆಳಗೆ ಗೇಟಿನ ಬಳಿ ಸೇರಿದೆವು. ಗೌರಮ್ಮ ನಂಜಯ್ಯನ ಮುಖಕ್ಕೆ ಕೈ ತಿರುವಿದಳು. "ಗೇಟಲ್ಲಿ ನಿಂತ್ಕಂಡು ಏನ್ ನೊಣ ಒಡೀತಿದ್ದಾ? ಕಳ್ಳನ್ನ ಒಳಿಕ್ಕೆ ಬುಡಾಕೆ ನಿನ್ನ ಮಡಿಕ್ಕಂಡಿರದಾ?"

ಅಧ್ಯಕ್ಷರು ಕೇಳಿದರು, "ನಿಯಮ ಗೊತ್ತಿತ್ತೋ ಇಲ್ಲವೋ?"

"ಗೊತ್ತಿತ್ತು ಸಾ."

"ಮತ್ಯಾಕೆ ಬಿಟ್ಟೆ?"

ನಂಜಯ್ಯ ಒಂದೇ ಒಂದು ಸಲ ತಲೆಯೆತ್ತಿ ನನ್ನ ಕಡೆ ನೋಡಿದ. ಒಂದು ಕ್ಷಣವೂ ಇರಲಿಕ್ಕಿಲ್ಲ. ಮತ್ತೆ ನೆಲ ನೋಡಿದ. "ತಪ್ಪಾಯ್ತು ಸಾ."

ಕಾನ್ವೆಂಟಿನಲ್ಲಿ ನಮ್ಮ ಕ್ಲಾಸಿನ ಸಿಸ್ಟರ್ ಒಂದು ಪದ್ಧತಿ ಇಟ್ಟಿದ್ದರು. ಏನಾದರೂ ಒಡೆದರೆ, ಮಸಿ ಚೆಲ್ಲಿದರೆ, "ಯಾರು ಮಾಡಿದ್ದೋ ಅವರು ಎದ್ದು ನಿಲ್ಲಿ" ಎಂದು ಹೇಳಿ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು. ನಾನು ಯಾವಾಗಲೂ ಎದ್ದು ನಿಲ್ಲುತ್ತಿದ್ದೆ. ಒಂದೆರಡು ಸಲ ಬೇರೆಯವರು ಮಾಡಿದ್ದಕ್ಕೂ ನಿಂತಿದ್ದೆ. ಅವತ್ತು ನಡುವಯಸ್ಸು ದಾಟಿದ ನಾನು, ಗೇಟಿನ ಹತ್ತಿರ ಎಲ್ಲರ ಜೊತೆ ನಿಂತಿದ್ದವಳು, ಒಳಗೊಳಗೇ ಕೂತುಬಿಟ್ಟೆ.

"ವಿಮಲಾ ಅವರೇ, ಬರೆದುಕೊಳ್ಳಿ" ಎಂದರು ಅಧ್ಯಕ್ಷರು. ರಿಜಿಸ್ಟರ್ ತಂದೆ. ಅವರು ಕೈ ಹಿಂದೆ ಕಟ್ಟಿಕೊಂಡು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಸದರಿ ಕಾವಲುಗಾರನ ಕರ್ತವ್ಯಲೋಪದಿಂದ ಈ ಕೃತ್ಯ ಸಂಭವಿಸಿರುವುದರಿಂದ, ಆತನನ್ನು ಕೆಲಸದಿಂದ ತೆಗೆಯತಕ್ಕದ್ದು. ತಿಂಗಳ ಕೊನೆಯೊಳಗೆ ಮೋಟಾರು ಪಕ್ಕದ ಕೋಣೆಯನ್ನು ಖಾಲಿ ಮಾಡತಕ್ಕದ್ದು. ಸಂಜೆ ಐದೂವರೆಗೆ ಸಭೆ ಕರೆದು ಇದನ್ನು ಓದಿ ಅಂಗೀಕರಿಸತಕ್ಕದ್ದು. 'ಕರ್ತವ್ಯಲೋಪ' ಎನ್ನುವ ಪದವನ್ನು ನಾನು ಎಷ್ಟು ದುಂಡಗೆ ಬರೆದೆ ಎಂದರೆ, ಆಮೇಲೆ ನೋಡಿಕೊಂಡು ನನಗೇ ಅಸಹ್ಯವಾಯಿತು.

ಆ ಕೋಣೆಯಲ್ಲಿ ನಂಜಯ್ಯನ ಸಂಸಾರವಿತ್ತು. ಹೆಂಡತಿ ಪುಟ್ಟಮ್ಮ, ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳು. ಪರೀಕ್ಷೆಗೆ ಎರಡು ತಿಂಗಳಿತ್ತು. ಬಾಗಿಲ ಹಿಂಬದಿಗೆ ಆ ಹುಡುಗಿ ಸೀಮೆಸುಣ್ಣದಲ್ಲಿ ಬರೆದಿದ್ದ ಬೀಜಗಣಿತದ ಸೂತ್ರಗಳನ್ನು ದಿನಾ ಮೋಟಾರು ಹಾಕುವಾಗ ನಾನು ನೋಡುತ್ತಿದ್ದೆ. ತಪ್ಪಿದ್ದ ಒಂದನ್ನು ನಾನೇ ತಿದ್ದಿದ್ದೆ.

ಮಧ್ಯಾಹ್ನ ಠಾಣೆಯಿಂದ ಒಬ್ಬರು ಪೇದೆ ಬಂದರು. ಗೋಣಿಚೀಲದ ಮೇಲೆ ಯಾವುದೋ ಮಂಡಿಯ ಅರ್ಧ ಅಳಿಸಿದ ಮುದ್ರೆಯಿತ್ತು. ಅದನ್ನು ನೋಡಿ, "ಕಾಯೆಲ್ಲ ತೆಗೆದು, ಚೀಲ ಮಾತ್ರ ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಕಳಿಸಿ" ಎಂದು ಹೇಳಿ ಹೋದರು. ಮೂರು ಗಂಟೆಗೆ ಮೋಟಾರು ನೋಡುವ ನೆವ ಮಾಡಿಕೊಂಡು ಕೆಳಗಿಳಿದೆ.

ನಂಜಯ್ಯ ಹೊಸ್ತಿಲಲ್ಲಿ ಕೂತು ಬೀಡಿ ಕಟ್ಟನ್ನು ಬಿಚ್ಚದೆ ಕೈಯಲ್ಲಿ ತಿರುಗಿಸುತ್ತಿದ್ದ. ಪುಟ್ಟಮ್ಮ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ತಿಂಗಳ ಕೊನೆಗೆ ಇನ್ನೂ ದಿನಗಳಿದ್ದವು, ಆದರೂ ಜೋಡಿಸುತ್ತಿದ್ದಳು.

"ನಂಜಯ್ಯ, ನೀವು ಯಾಕೆ ಹೇಳಲಿಲ್ಲ?" ಎಂದೆ.

"ಏನಂತ ಏಳದು ಅಮ್ಮೋರೆ? ಅಮ್ಮೋರೇ ಬುಡು ಅಂದ್ರು ಅಂದ್ರೆ, ತಪ್ಪು ಮಾಡ್ಬುಟ್ಟು ದೊಡ್ಡೋರ್ ಮೇಲಾಕ್ತಾನೆ ಅಂತ ಅದ್ಕೂ ಎಲ್ಡ್ ಬೈಸ್ಕಬೇಕು. ನೀವು ಅಲ್ಲೇ ನಿಂತಿದ್ರಲ್ಲ."

ಅಷ್ಟೇ ಹೇಳಿದ. 'ನೀವು ಅಲ್ಲೇ ನಿಂತಿದ್ರಲ್ಲ.' ಪುಟ್ಟಮ್ಮ ಮಾತ್ರ ಬಿಡಲಿಲ್ಲ. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, "ನಿಮ್ ರೂಲು ನಿಮ್ಗೆ ಇಲ್ವಾ ಅಮ್ಮೋರೆ? ನಮ್ಗೊಬ್ರಿಗೇಯಾ?" ಎಂದಳು.

"ಸುಮ್ಕಿರಮ್ಮಿ," ಎಂದ ನಂಜಯ್ಯ.

"ಯಾಕ್ ಸುಮ್ಕಿರ್ಲಿ? ಬೆಳಿಗ್ಗೆಯಿಂದ ನೀನ್ ಸುಮ್ಕಿದ್ದದ್ದು ಸಾಲ್ದಾ?"

ನಾನು ಮೋಟಾರು ನೋಡದೆಯೇ ಮೇಲೆ ಬಂದೆ.

ಐದೂವರೆಗೆ ಸಭೆ. ಮೆಟ್ಟಿಲ ಬುಡದಲ್ಲಿ, ನನ್ನ ಹಲಗೆಯ ಎದುರಿಗೇ, ಅಧ್ಯಕ್ಷರಿಗೊಂದು ಕುರ್ಚಿ, ಮಿಕ್ಕವರೆಲ್ಲ ಮೆಟ್ಟಿಲ ಮೇಲೆ. ನಂಜಯ್ಯ ಗೇಟಿನ ಬಳಿ ನಿಂತಿದ್ದ. "ಓದಿ" ಎಂದರು ಅಧ್ಯಕ್ಷರು. ನಾನು ಎದ್ದು ನಿಂತೆ.

ಅವರು ಬರೆಸಿದ ಪುಟಕ್ಕೆ ಅಡ್ಡ ಗೆರೆ ಎಳೆದು, ಮುಂದಿನ ಪುಟದಲ್ಲಿ ಬೇರೆ ಬರೆದುಕೊಂಡಿದ್ದೆ. ಓದಿದೆ. "ಈ ದಿನ ಬೆಳಿಗ್ಗೆ ಅಪರಿಚಿತನೊಬ್ಬನನ್ನು ಕಾವಲುಗಾರ ನಂಜಯ್ಯನವರು ನಿಯಮದಂತೆ ಗೇಟಿನಲ್ಲಿ ತಡೆದರು. ಕಾರ್ಯದರ್ಶಿಯಾದ ನಾನು ಬಾಲ್ಕನಿಯಿಂದ ಅವರಿಗೆ ಬಿಡಲು ಹೇಳಿದೆ. ನಿಯಮವನ್ನು ಅವರು ನೆನಪಿಸಿದರು. ನಾನು ಇರಲಿ ಬಿಡಿ ಎಂದೆ. ಆ ಮನುಷ್ಯನ ಕೈಚೀಲವನ್ನು ಒಂದು ಮಹಡಿ ನಾನೇ ಹೊತ್ತೆ. ಕರ್ತವ್ಯಲೋಪ ನನ್ನದು. ಬೆಳಿಗ್ಗೆ ಹೇಳದೆ ಇದ್ದದ್ದೂ ನನ್ನದೇ."

ಮೇಲಿನ ಯಾವುದೋ ಮನೆಯಲ್ಲಿ ಕುಕ್ಕರ್ ಕೂಗಿತು.

"ಇದು ನಾನು ಬರೆಸಿದ್ದಲ್ಲ" ಎಂದರು ಅಧ್ಯಕ್ಷರು.

"ಅಲ್ಲ ಸಾರ್. ಇದು ಆದದ್ದು."

ಆಮೇಲೆ ಎಲ್ಲರಿಗೂ ಒಟ್ಟಿಗೇ ಬಾಯಿ ಬಂತು. ಎಂಟನೇ ನಂಬರಿನಾಕೆ, ಗ್ಯಾಸಿನವನನ್ನು ಬಿಸಿಲಲ್ಲಿ ನಿಲ್ಲಿಸಿದವರು ಕಳ್ಳನ ಚೀಲ ಹೊತ್ತರಲ್ಲ ಎಂದು ನಕ್ಕಳು. ಇನ್ನೊಬ್ಬರು ಊರಿನ ಹೆಸರು ಬರೆದ ಹಲಗೆಯೇ ಇದಕ್ಕೆಲ್ಲ ಮೂಲ ಎಂದರು. ಅದು ನಿಜ. ಹಲಗೆಯಿಂದ ಊರುಗಳನ್ನು ಅಳಿಸೋಣ ಎಂದು ನಾನು ಹೇಳಿದ್ದೇ ತಡ, ಹನೂರಿನ ಮಹದೇವಯ್ಯನವರು ಎದ್ದು, "ಅದೆಂಗಾಯ್ತದೆ? ಊರೆಸ್ರಿಲ್ದೆ ನಮ್ಮನ್ನ ಯಾರು ಗುರ್ತು ಇಡೀತಾರೆ?" ಎಂದು ರೇಗಿದರು. ಅರ್ಧ ಗಂಟೆ ಹಲಗೆಯದೇ ಜಗಳವಾಯಿತು. ನಾನು ಕಾರ್ಯದರ್ಶಿ ಕೆಲಸ ಬಿಡುತ್ತೇನೆ ಎಂದದ್ದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದವರು, "ಮೋಟ್ರು ಯಾರಾಕ್ತಾರೆ?" ಎಂದರು. ಕಳ್ಳ, ಸರ, ಎಲ್ಲವೂ ಎಲ್ಲೋ ಹೋದವು. ನಂಜಯ್ಯನ ಮಾತು ಬಂದಾಗ ಮಾತ್ರ ಎಲ್ಲರೂ ಗೌರಮ್ಮನ ಕಡೆ ನೋಡಿದರು. ಸರ ಕಳೆದುಕೊಂಡವಳು ಅವಳು. ಅವಳು ಸೆರಗಿನಿಂದ ಮೂಗೊರೆಸಿಕೊಂಡು, ಎದ್ದು ಮೇಲೆ ಹೋದಳು. ಅಧ್ಯಕ್ಷರು ಗಡಿಯಾರ ನೋಡಿಕೊಂಡು, "ನಾಳೆ ತೀರ್ಮಾನಿಸತಕ್ಕದ್ದು" ಎಂದು ಕುರ್ಚಿ ಮಡಿಸಿಕೊಂಡು ಹೊರಟರು.

ನೀವು ಕೇಳಬಹುದು, ತಪ್ಪೊಪ್ಪಿಕೊಂಡ ಮೇಲೆ ಮನಸ್ಸು ಹಗುರವಾಯಿತೇ ಅಂತ. ಏನೂ ಆಗಲಿಲ್ಲ. ಆ ಹುಡುಗಿಯ ಪರೀಕ್ಷೆ ಹಾಗೇ ಇತ್ತು, ಆ ಕೋಣೆಯ ಪಾತ್ರೆಗಳು ಒಂದರೊಳಗೊಂದು ಹಾಗೇ ಕೂತಿದ್ದವು. ನನ್ನ ಮೇಲೂ, ಇಡೀ ಕಟ್ಟಡದ ಮೇಲೂ ಸಿಟ್ಟಿಟ್ಟುಕೊಂಡು, ಒಣಗಿದ ಬಟ್ಟೆಯನ್ನು ಎಳೆದೆಳೆದು ಮಡಿಸಿದೆ. ಯಜಮಾನರು ಏನಾಯಿತೆಂದು ಕೇಳಿದರು. "ಆಮೇಲೆ ಹೇಳುತ್ತೇನೆ" ಎಂದೆ.

ದೀಪ ಹಚ್ಚುವ ಹೊತ್ತಿಗೆ, ಗೌರಮ್ಮನನ್ನು ಕಂಡು ಕ್ಷಮೆ ಕೇಳೋಣವೆಂದು ಮೇಲೆ ಹತ್ತಿದೆ. ಅವಳು ಬಾಗಿಲ ಮುಂದಿನ ಮೆಟ್ಟಿಲ ಮೇಲೆ, ಮಡಿಲಿಗೆ ಮೊರ ಇಟ್ಟುಕೊಂಡು ಕೂತಿದ್ದಳು. ತಲೆಗೆ ಸ್ನಾನವಾಗಿತ್ತು. ಪಕ್ಕದಲ್ಲಿ ಅವರೆಕಾಯಿಯ ರಾಶಿ, ಸಿಪ್ಪೆಯ ರಾಶಿ, ನಾಲ್ಕಾಗಿ ಮಡಿಸಿದ ಗೋಣಿಚೀಲ. ಕಳ್ಳ ತಂದ ಕಾಯನ್ನೇ ಸುಲಿಯುತ್ತಿದ್ದಳು.

ನಾನು ಬಾಯಿ ತೆರೆಯುವ ಮೊದಲೇ, ಸ್ಟೀಲ್ ಡಬ್ಬಿಯ ತುಂಬ ಸುಲಿದ ಕಾಳನ್ನು ನನ್ನ ಕಡೆ ನೂಕಿದಳು. "ಇದು ನಿಮ್ಗೆ. ಪುಟ್ಟಮ್ಮಂಗೂ ಒಂದು ಡಬ್ಬಿ ಕೊಟ್ ಬಂದೆ, ಆ ಮಗ ಓದ್ಕಂಡು ಕೂತದೆ. ಉಪ್ಸಾರ್ ಮಾಡಿ ಅಕ್ಕ, ಕಾಯಿ ಮಾತ್ರ ಸೊಗ್ಡಾಗದೆ."

"ಗೌರಮ್ಮ, ನಾನು..." ಎಂದೆ.

ಅವಳು ಮತ್ತೊಂದು ಕಾಯಿ ಬಿಡಿಸುತ್ತ, ತಲೆಯೆತ್ತದೆ, ಪಕ್ಕದ ಗೋಣಿಚೀಲವನ್ನು ಮೊಣಕೈಯಿಂದ ನನ್ನತ್ತ ಸರಿಸಿದಳು. "ನಾಳಿಕ್ಕೆ ನಂಜಯ್ಯನ ಕೈಲಿ ಇದ್ನ ಸ್ಟೇಸನ್ಗೆ ಕಳಿಸ್ತೀರಲ್ಲ, ಬರೀ ಚೀಲ ಕಳಿಸ್ಬ್ಯಾಡಿ. ಒಂದ್ ತೆಂಗಿನಕಾಯಾರ ಆಕಿ. ಬರೀದು ಚೆಂದಾಗಿರಾಕಿಲ್ಲ."